ಸಹಿ ಹಾಕಿದ ಹಾಕಿ ಕಾರ್ಡ್‌ಗಳು: ಪೂರ್ತಿ ಸೆಟ್ ಬೇಕಾ ಬೇಡ್ವಾ ಅಂತ ನಾನು ತೀರ್ಮಾನಿಸಿದ್ದು ಹೀಗೆ

ಹಾಕಿ ಕಾರ್ಡ್, ಅಂದರೆ ಆಟಗಾರರ ಫೋಟೊ ಅಚ್ಚು ಹಾಕಿ ಮಾರುವ ಪುಟ್ಟ ಕಾರ್ಡ್, ಕೂಡಿಸುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ. ಒಂದು ಸೆಟ್ ಹಿಡಿಯಬೇಕು, ಅದರ ಪ್ರತಿ ಕಾರ್ಡ್ ಮೇಲೂ ಆಯಾ ಆಟಗಾರನ ಸಹಿ ಇರಬೇಕು ಅಂತ. ನನಗೂ ಬಂತು. ನಾನಿರುವುದು ಕೆನಡಾದ ಮಿಸಿಸಾಗದಲ್ಲಿ. ಇಲ್ಲಿ ಹಾಕಿ ಅಂದರೆ ಐಸ್ ಹಾಕಿ. ಕೊಡಗಿನ ಮೈದಾನಗಳಲ್ಲಿ ಹಾಕಿ ನೋಡಿ ಬೆಳೆದ ನನಗೆ ಈ ಆಟದ ಹೆಸರುಗಳನ್ನು, ತಂಡಗಳನ್ನು ಕಲಿಸಿದ್ದೇ ಕಾರ್ಡ್‌ಗಳು. ಹಾಗಾಗಿ ಇದು ನನಗೆ ಬರೀ ಟೈಂಪಾಸ್ ಅಲ್ಲ.

ಆಸೆ ಬಂದ ತಕ್ಷಣ ದುಡ್ಡು ಹಾಕಲಿಲ್ಲ. ಮೊದಲು ಚೆಕ್‌ಲಿಸ್ಟ್, ಅಂದರೆ ಸೆಟ್‌ನಲ್ಲಿರುವ ಕಾರ್ಡ್‌ಗಳ ಪಟ್ಟಿ, ಮುಂದಿಟ್ಟುಕೊಂಡು ಕೂತೆ. ಯಾವ ಸೆಟ್ ಆದರೂ ಸರಿ, ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಕಾರ್ಡ್ ಯಾವುದು? ಸುಲಭವಾಗಿ ಸಿಗುವ ನೂರು ಸಹಿ ಲೆಕ್ಕಕ್ಕೆ ಬರುವುದಿಲ್ಲ. ಸೆಟ್ ಮುಗಿಯುತ್ತದೋ ಇಲ್ಲವೋ ಅಂತ ಹೇಳುವುದು ಆ ಒಂದೇ ಕಾರ್ಡ್. ಅದು ಸಿಗದೇ ಹೋದರೂ ಈ ಸೆಟ್ ನನಗೆ ಇಷ್ಟವಾಗುತ್ತದಾ? ಹೌದು ಅನ್ನಿಸಿದರೆ ಮಾತ್ರ ಮುಂದಕ್ಕೆ.

ಈ ಪ್ರಶ್ನೆಗೆ ಮೊದಲು ಬಿದ್ದದ್ದು ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಸೆಟ್. ಪಾರ್ಕ್‌ಹರ್ಸ್ಟ್ ಕಂಪನಿಯ 1951-52ರ ಸೆಟ್. ಬರೀ 105 ಕಾರ್ಡ್. ಗೋರ್ಡಿ ಹೋವ್, ಮೊರೀಸ್ ರಿಷಾರ್, ಟೆರಿ ಸಾಚುಕ್ ಎಲ್ಲರೂ ಅದರಲ್ಲಿದ್ದಾರೆ. ಸಂಖ್ಯೆ ಚಿಕ್ಕದು, ಮುಗಿಸಬಹುದು ಅನ್ನಿಸುತ್ತದೆ ಅಲ್ವಾ? ಆದರೆ ಅದರಲ್ಲಿ ಬಿಲ್ ಬರಿಲ್ಕೊ ಹೊಡೆದ ಗೋಲಿನ ಕಾರ್ಡ್ ಕೂಡ ಇದೆ. 1951ರ ಏಪ್ರಿಲ್ 21ರಂದು ಓವರ್‌ಟೈಮ್‌ನಲ್ಲಿ ಮಾಂಟ್ರಿಯಲ್ ವಿರುದ್ಧ ಗೋಲು ಹೊಡೆದು ಟೊರಾಂಟೊ ಮೇಪಲ್ ಲೀಫ್ಸ್ ತಂಡಕ್ಕೆ ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್ ಲೀಗ್‌ನ ಅತಿ ದೊಡ್ಡ ಪ್ರಶಸ್ತಿ, ತಂದುಕೊಟ್ಟವರು ಅವರು. ಅದೇ ಆಗಸ್ಟ್‌ನಲ್ಲಿ ಮೀನು ಹಿಡಿಯಲು ಹೋಗಿ ವಾಪಸ್ ಬರುವಾಗ ಅವರಿದ್ದ ಪುಟ್ಟ ವಿಮಾನ ಉತ್ತರ ಒಂಟಾರಿಯೊದ ಕಾಡಿನಲ್ಲಿ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು 1962ರಲ್ಲಿ. ಲೀಫ್ಸ್ ತಂಡ ಮತ್ತೆ ಕಪ್ ಗೆದ್ದದ್ದೂ ಅದೇ ವರ್ಷ.

ಅಂದರೆ 1951-52ರ ಸೀಸನ್ ಶುರುವಾಗುವ ಹೊತ್ತಿಗೆ ಬರಿಲ್ಕೊ ಬದುಕಿರಲಿಲ್ಲ. ಆ ಕಾರ್ಡ್ ಮೇಲೆ ಅವರ ಸಹಿ ಬೀಳುವ ಅವಕಾಶವೇ ಇರಲಿಲ್ಲ. ಬೇರೆ ಕಾಗದದ ಮೇಲೆ ಅವರು ಹಾಕಿದ್ದ ಸಹಿಯನ್ನು ಕತ್ತರಿಸಿ ಕಾರ್ಡ್ ಪಕ್ಕ ಇಡುವವರಿದ್ದಾರೆ. ಅದು ಅವರ ದಾರಿ. ನನಗೆ ಸಹಿ ಕಾರ್ಡ್ ಮೇಲೇ ಇರಬೇಕು. ಜೊತೆಗೆ ಸಾಚುಕ್ 1970ರಲ್ಲೇ ತೀರಿಕೊಂಡರು, ಡಗ್ ಹಾರ್ವಿ 1989ರಲ್ಲಿ. ಇವರ ಸಹಿ ಇರುವ ಆ ಕಾಲದ ಕಾರ್ಡ್ ಹುಡುಕುವುದು ನನ್ನ ಸಂಬಳದಲ್ಲಿ ಆಗುವ ಕೆಲಸ ಅಲ್ಲ. ಪಾರ್ಕ್‌ಹರ್ಸ್ಟ್ ಸೆಟ್‌ನ ಒಂದೆರಡು ಕಾರ್ಡ್ ಸಹಿ ಇಲ್ಲದೆಯೇ ಇಟ್ಟುಕೊಂಡಿದ್ದೇನೆ. ಅಷ್ಟು ಸಾಕು.

ಎರಡನೆಯದು ಕಂಪನಿಯವರೇ ಸಹಿ ಹಾಕಿಸಿ ಪ್ಯಾಕ್ ಒಳಗೆ ಇಟ್ಟು ಮಾರುವ ಕಾರ್ಡ್‌ಗಳು. ಇದರಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು ಎಸ್‌ಪಿ ಅಥೆಂಟಿಕ್ ಸೆಟ್‌ನ ಫ್ಯೂಚರ್ ವಾಚ್, ಅಂದರೆ ಹೊಸ ಆಟಗಾರರ ಸಹಿ ಇರುವ ಕಾರ್ಡ್‌ಗಳು. 2005-06ರ ಸೆಟ್ ಅಂತೂ ದೊಡ್ಡ ಹೆಸರು ಮಾಡಿದ್ದು. ಅದಕ್ಕೆ ಕಾರಣ ಇದೆ. ಹಿಂದಿನ ವರ್ಷ, 2004-05ರ ಸೀಸನ್, ಲಾಕೌಟ್‌ನಿಂದ ಪೂರ್ತಿ ರದ್ದಾಗಿತ್ತು. ಎರಡು ವರ್ಷದ ಹೊಸ ಹುಡುಗರು ಒಟ್ಟಿಗೆ ಐಸ್ ಮೇಲೆ ಬಂದರು. ಸಿಡ್ನಿ ಕ್ರಾಸ್ಬಿ, ಅಲೆಕ್ಸಾಂಡರ್ ಒವೆಚ್ಕಿನ್, ಹೆನ್ರಿಕ್ ಲುಂಡ್‌ಕ್ವಿಸ್ಟ್, ರಯಾನ್ ಗೆಟ್ಜ್ಲಾಫ್ ಎಲ್ಲರಿಗೂ ಅದೇ ಮೊದಲ ಸೀಸನ್. ಕ್ರಾಸ್ಬಿಯ ಫ್ಯೂಚರ್ ವಾಚ್ ಕಾರ್ಡ್ ಇರುವುದು 999 ಪ್ರತಿ ಮಾತ್ರ, ಒಂದೊಂದರ ಮೇಲೂ ನಂಬರ್ ಒತ್ತಿರುತ್ತಾರೆ. ಅಂದಮೇಲೆ ಇಡೀ ಪ್ರಪಂಚದಲ್ಲಿ ಆ ಸೆಟ್ ಪೂರ್ತಿ ಮಾಡಬಲ್ಲವರು ಹೆಚ್ಚೆಂದರೆ 999 ಜನ. ಆ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಎಷ್ಟೋ ಕಾರ್ಡ್ ಯಾರ ಲಾಕರ್‌ನಲ್ಲೋ ಕೂತಿವೆ, ಹೊರಗೆ ಬರುವುದೇ ಇಲ್ಲ.

ಇಂಥ ಸೆಟ್‌ನಲ್ಲಿ ಒಂದು ನೆಮ್ಮದಿ ಇದೆ. ಸಹಿ ಅಸಲಿ, ಅನುಮಾನವೇ ಬೇಡ. ಕೆಲವು ಸಲ ಆಟಗಾರ ಹೊತ್ತಿಗೆ ಸರಿಯಾಗಿ ಸಹಿ ಹಾಕಿರುವುದಿಲ್ಲ. ಆಗ ಪ್ಯಾಕ್ ಒಳಗೆ ರಿಡೆಂಪ್ಶನ್ ಕಾರ್ಡ್ ಇರುತ್ತದೆ. ಅದನ್ನು ಕಳಿಸಿ ಅಸಲಿ ಕಾರ್ಡ್‌ಗೆ ಕಾಯಬೇಕು, ಅದಕ್ಕೂ ಕೊನೆ ದಿನಾಂಕ ಇರುತ್ತದೆ. ಹಳೇ ಪ್ಯಾಕ್ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಇನ್ನು ಕೆಲವು ಸೆಟ್‌ಗಳಲ್ಲಿ ಆಟಗಾರ ಸಹಿ ಹಾಕುವುದು ಪಾರದರ್ಶಕ ಸ್ಟಿಕ್ಕರ್ ಮೇಲೆ. ಅದನ್ನು ಆಮೇಲೆ ಕಾರ್ಡ್‌ಗೆ ಅಂಟಿಸುತ್ತಾರೆ. ಆ ಕಾರ್ಡನ್ನು ಆತ ಮುಟ್ಟಿಯೂ ಇರುವುದಿಲ್ಲ. ನನಗೆ ಅದು ಹಿಡಿಸುವುದಿಲ್ಲ.

ಆದರೆ ನಾನು ಇದನ್ನು ಬಿಟ್ಟಿದ್ದು ಬರೀ ದುಡ್ಡಿಗೋಸ್ಕರ ಅಲ್ಲ. ಇಲ್ಲಿ ನಾನು ಮಾಡುವ ಕೆಲಸ ಒಂದೇ, ಹರಾಜು ನೋಡುವುದು, ಬೆಲೆ ಕೂಗುವುದು. ಸಹಿ ಹಾಕಿದ ಮನುಷ್ಯನಿಗೂ ನನಗೂ ಮಧ್ಯೆ ಏನೂ ನಡೆಯುವುದಿಲ್ಲ. ನನಗೆ ಬೇಕಿದ್ದದ್ದು ಆ ನಡುವಿನದ್ದೇ: ಕಾಗದ ಬರೆಯುವುದು, ಕಾಯುವುದು, ಸಾಲಿನಲ್ಲಿ ನಿಂತು ಎರಡು ಮಾತಾಡುವುದು.

ಹಾಗೆ ಬಂದು ನಿಂತದ್ದು 1990-91ರ ಅಪ್ಪರ್ ಡೆಕ್ ಹತ್ತಿರ. ಅಪ್ಪರ್ ಡೆಕ್ ಕಂಪನಿಯ ಮೊದಲ ಹಾಕಿ ಸೆಟ್ ಅದು. ಒಟ್ಟು 550 ಕಾರ್ಡ್, ಮೊದಲು 400, ಆಮೇಲೆ 150. ಬಿಳಿ ಅಂಚು, ಎರಡೂ ಕಡೆ ಒಳ್ಳೆ ಫೋಟೊ, ಹಿಂಬದಿಯಲ್ಲಿ ಪುಟ್ಟ ಹೊಲೊಗ್ರಾಂ. ಯಾರೊಮಿರ್ ಯಾಗರ್, ಸೆರ್ಗೇ ಫೆಡೊರೊವ್, ಪಾವೆಲ್ ಬುರೆ ಇವರ ರೂಕಿ ಕಾರ್ಡ್‌ಗಳು, ಅಂದರೆ ಹೊಸಬರಾಗಿದ್ದಾಗಿನ ಮೊದಲ ಕಾರ್ಡ್‌ಗಳು, ಇದರಲ್ಲೇ ಇವೆ. ಆ ಕಾಲದಲ್ಲಿ ಕಂಪನಿಗಳು ಕಾರ್ಡ್‌ಗಳನ್ನು ಎಷ್ಟು ಅಚ್ಚು ಹಾಕಿದವೆಂದರೆ ಇವತ್ತಿಗೂ ಪೂರ್ತಿ ಸೆಟ್ ಅಗ್ಗಕ್ಕೆ ಸಿಗುತ್ತದೆ. ಸಹಿ ಕೂಡಿಸುವವನಿಗೆ ಇದು ವರ. ಇದಕ್ಕೆ ಹೋಲಿಸಿದರೆ 1979-80ರ ಓ-ಪೀ-ಚೀ ಸೆಟ್‌ನಲ್ಲಿರುವ ಮಹಾನ್ ಆಟಗಾರ ವೇಯ್ನ್ ಗ್ರೆಟ್ಸ್ಕಿಯ ರೂಕಿ ಕಾರ್ಡ್ ಒಂದು 2021ರಲ್ಲಿ 37.5 ಲಕ್ಷ ಅಮೆರಿಕನ್ ಡಾಲರ್‌ಗೆ ಮಾರಾಟವಾಯಿತು. ಎಲ್ಲ ಪ್ರತಿಗೂ ಆ ಬೆಲೆ ಇಲ್ಲ, ನಿಜ. ಆದರೂ ಅಂಥ ಸೆಟ್‌ನ ಕಾರ್ಡನ್ನು ಸಹಿಗೆ ಅಂತ ಆಟಗಾರನಿಗೆ ಯಾರು ಪೋಸ್ಟ್‌ ಮಾಡುತ್ತಾರೆ? ಅಪ್ಪರ್ ಡೆಕ್ ಕಾರ್ಡ್ ಪೋಸ್ಟ್‌ನಲ್ಲಿ ಕಳೆದುಹೋದರೆ ಇನ್ನೊಂದು ತಂದರಾಯಿತು.

ಹಾಗಾದರೆ 550 ಕಾರ್ಡೂ? ಮತ್ತೆ ಅದೇ ಪ್ರಶ್ನೆ. ವೇಯ್ನ್ ಗ್ರೆಟ್ಸ್ಕಿ ಒಬ್ಬರದ್ದೇ ಇದರಲ್ಲಿ ಒಂದಕ್ಕಿಂತ ಜಾಸ್ತಿ ಕಾರ್ಡ್ ಇದೆ. ಅವರ ಒಂದು ಸಹಿಯ ಬೆಲೆಯಲ್ಲಿ ಉಳಿದ ಎಷ್ಟೋ ಆಟಗಾರರ ಸಹಿ ಬರುತ್ತದೆ. ಡೇಲ್ ಹವರ್ಚಕ್ 2020ರಲ್ಲಿ ತೀರಿಕೊಂಡರು, ಬಾಬ್ ಪ್ರೊಬರ್ಟ್ 2010ರಲ್ಲಿ, ಪೀಟರ್ ಜೆಜೆಲ್ 2009ರಲ್ಲಿ. ಇವರದ್ದನ್ನು ಇನ್ನು ಕೊಳ್ಳಲೇಬೇಕು. ತಂಡದ ಚೆಕ್‌ಲಿಸ್ಟ್ ಕಾರ್ಡ್‌ಗಳ ಮೇಲೆ ಕಲಾವಿದ ಬಿಡಿಸಿದ ಚಿತ್ರ ಇದೆ. ಅಲ್ಲಿ ಯಾರ ಸಹಿ ಬೇಕು, ಆಟಗಾರನದ್ದೋ ಕಲಾವಿದನದ್ದೋ? ಕೊನೆಯ ಸರಣಿಯಲ್ಲಿ ಕೆನಡಾದ ಜೂನಿಯರ್ ತಂಡದ ಹುಡುಗರಿದ್ದಾರೆ. ಎರಿಕ್ ಲಿಂಡ್ರೊಸ್ ಎಲ್ಲರಿಗೂ ಗೊತ್ತು. ಆದರೆ ಎನ್‌ಎಚ್‌ಎಲ್‌ನಲ್ಲಿ ಹೆಸರು ಮಾಡದವರನ್ನು ಈಗ ಎಲ್ಲಿ ಅಂತ ಹುಡುಕುವುದು? ನನಗೆ ಗ್ರೆಟ್ಸ್ಕಿಗಿಂತ ಕಷ್ಟ ಅನ್ನಿಸಿದ್ದು ಇವರೇ. ಗ್ರೆಟ್ಸ್ಕಿ ಸಹಿ ದುಡ್ಡು ಕೊಟ್ಟರೆ ಸಿಗುತ್ತದೆ. ಆಟ ಬಿಟ್ಟು ಬೇರೆ ಕೆಲಸ ಹಿಡಿದು, ಎಲ್ಲೋ ಸಂಸಾರ ಮಾಡಿಕೊಂಡಿರುವ ಒಬ್ಬರ ಮನೆ ವಿಳಾಸ ಕೆದಕಿ ತೆಗೆದು ಕಾಗದ ಬರೆಯುವುದು ನನಗೆ ಸರಿ ಕಾಣಲಿಲ್ಲ.

ಹಾಗಾಗಿ ನನ್ನ ಉತ್ತರ: ಪೂರ್ತಿ ಸೆಟ್ ಬೇಡ, ಆ ಸೆಟ್‌ನ ಟೊರಾಂಟೊ ಮೇಪಲ್ ಲೀಫ್ಸ್ ಕಾರ್ಡ್‌ಗಳು ಬೇಕು. ಆಗ ಲೀಗ್‌ನಲ್ಲಿ ಇದ್ದದ್ದು 21 ತಂಡ. ಒಂದೊಂದು ತಂಡಕ್ಕೆ ಇಪ್ಪತ್ತರ ಆಸುಪಾಸು ಕಾರ್ಡ್ ಬರುತ್ತದೆ. ಲೀಫ್ಸ್‌ನಲ್ಲಿ ವೆಂಡೆಲ್ ಕ್ಲಾರ್ಕ್, ವಿನ್ಸೆಂಟ್ ಡಾಂಫೂಸ್, ಗ್ಯಾರಿ ಲೀಮನ್, ಎಡ್ ಓಲ್‌ಚಿಕ್, ಆಲ್ ಅಯಾಫ್ರೇಟಿ ಇದ್ದಾರೆ. ಅಯಾಫ್ರೇಟಿ 1993ರ ಆಲ್-ಸ್ಟಾರ್ ಸ್ಪರ್ಧೆಯಲ್ಲಿ ಗಂಟೆಗೆ 105.2 ಮೈಲಿ ವೇಗದಲ್ಲಿ ಪಕ್ (ಐಸ್ ಹಾಕಿಯ ರಬ್ಬರ್ ಬಿಲ್ಲೆ) ಹೊಡೆದವರು. ಆ ದಾಖಲೆ ಮುರಿಯಲು 2009ರವರೆಗೆ ಕಾಯಬೇಕಾಯಿತು. ಕೋಟಿ ಬಾಳುವ ಸಹಿ ಈ ತಂಡದಲ್ಲಿಲ್ಲ. ನಾನಿರುವ ಊರಿಗೆ ಹತ್ತಿರದ ತಂಡ, ಹಳೇ ಆಟಗಾರರು ಇಲ್ಲಿನ ಕಾರ್ಯಕ್ರಮಗಳಿಗೆ ಬರುತ್ತಿರುತ್ತಾರೆ. ಒಂದೆರಡು ಜಾಗ ಖಾಲಿ ಉಳಿದರೂ ಬೈಂಡರ್ ತೆರೆದಾಗ ಖುಷಿಯಾಗುತ್ತದೆ. ನನಗೆ ಅದೇ ಮುಖ್ಯವಾಗಿತ್ತು.

ಇನ್ನು ಮಾಡುವ ಕ್ರಮ. ಅಪ್ಪರ್ ಡೆಕ್ ಕಾರ್ಡ್‌ಗೆ ಹೊಳಪಿನ ಲೇಪ ಇದೆ. ಅದರ ಮೇಲೆ ನೇರವಾಗಿ ಮಾರ್ಕರ್ ಇಟ್ಟರೆ ಇಂಕು ಹನಿಹನಿಯಾಗಿ ಒಡೆದು, ಗೆರೆಯ ಮಧ್ಯೆ ಬಿಳಿ ಚುಕ್ಕೆ ಉಳಿಯುತ್ತದೆ. ಅದಕ್ಕೆ ಮುಂಚೆಯೇ ಚಿಟಿಕೆ ಬೇಬಿ ಪೌಡರ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಉಜ್ಜುತ್ತೇನೆ. ಬೆರಳಿನ ಎಣ್ಣೆಯಂಶ ಹೋಗಿ ಮೈ ಸ್ವಲ್ಪ ಮಂಕಾಗುತ್ತದೆ. ಪುಡಿ ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಮಾರ್ಕರ್ ತುದಿಗೆ ಮೆತ್ತಿಕೊಳ್ಳುತ್ತದೆ. ಪೆನ್ನು ನೀಲಿ ಶಾರ್ಪಿ ಮಾರ್ಕರ್, ಸಣ್ಣ ತುದಿಯದು. ಬಿಳಿ ಐಸ್ ಮೇಲೆ ನೀಲಿ ಎದ್ದು ಕಾಣುತ್ತದೆ, ಕಪ್ಪು ಹಾಕಿದರೆ ಅಚ್ಚಿನ ಅಕ್ಷರದ ಜೊತೆ ಸೇರಿಹೋಗುತ್ತದೆ. ಲೀಫ್ಸ್‌ನ ನೀಲಿ ಜರ್ಸಿ ಫೋಟೊ ಇದ್ದರೆ ಮಾತ್ರ ಬೆಳ್ಳಿ ಬಣ್ಣದ ಪೇಂಟ್ ಪೆನ್ನು ಒಯ್ಯುತ್ತೇನೆ. ಸಹಿ ಆದ ತಕ್ಷಣ ಕವರ್‌ಗೆ ತುರುಕಬಾರದು. ಅಂಚು ಹಿಡಿದುಕೊಂಡು, ಒಣಗುವ ತನಕ ಸುಮ್ನೆ ನಿಂತಿರಬೇಕು.

ಮುಖಾಮುಖಿ ಸಿಗಲು ಒಳ್ಳೆ ಜಾಗ ಟೊರಾಂಟೊದ ಸ್ಪೋರ್ಟ್ ಕಾರ್ಡ್ ಎಕ್ಸ್‌ಪೋ. ನಾನು ಹೋಗುತ್ತಿದ್ದದ್ದು ಮಿಸಿಸಾಗದ ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ನಡೆಯುವಾಗ. ಆಟಗಾರನ ಹೆಸರಿಗೆ ಟಿಕೆಟ್ ತಗೊಂಡು ಸಾಲಿನಲ್ಲಿ ನಿಲ್ಲಬೇಕು. ನಿಮ್ಮ ಸರದಿಗೆ ಸಿಗುವುದು ಅರೆಗಳಿಗೆ. ಅಷ್ಟರಲ್ಲೇ ಕಾರ್ಡ್ ಮುಂದಿಟ್ಟು, ಎಲ್ಲಿ ಸಹಿ ಬೇಕು ಅಂತ ತೋರಿಸಿ, ಜರ್ಸಿ ನಂಬರ್ ಕೂಡ ಬರೆಯಿರಿ ಅಂತ ಕೇಳುತ್ತೇನೆ. ಆ ತಲೆಮಾರಿನವರು ಹೆಸರು ಓದಲು ಬರುವ ಹಾಗೆ ಬರೆಯುತ್ತಾರೆ. ಈಗಿನ ಹುಡುಗರದ್ದು ಬಹುಪಾಲು ಒಂದು ಗೀಚು, ಪಕ್ಕದಲ್ಲಿ ನಂಬರ್. ಈ ಹಳೇ ಸೆಟ್ ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ಪೋಸ್ಟ್‌ನಲ್ಲಿ ಕಳಿಸುವಾಗ ಕಾರ್ಡನ್ನು ಎರಡು ತೆಳು ರಟ್ಟಿನ ಮಧ್ಯೆ ಇಡುತ್ತೇನೆ. ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್ ಹಾಕಿದರೆ ಕವರ್ ದಪ್ಪವಾಗಿ ಪೋಸ್ಟೇಜ್ ಏರುತ್ತದೆ. ಜೊತೆಗೆ ನನ್ನ ವಿಳಾಸ ಬರೆದು ಸ್ಟಾಂಪು ಹಚ್ಚಿದ ವಾಪಸಾತಿ ಕವರ್. ಕೆನಡಾದಲ್ಲಿರುವವರು ಇಲ್ಲೊಂದು ವಿಷಯ ಗಮನಿಸಬೇಕು. ಅಮೆರಿಕದ ವಿಳಾಸಕ್ಕೆ ಕಳಿಸುವುದಾದರೆ ವಾಪಸಾತಿ ಕವರ್ ಮೇಲೆ ಅಮೆರಿಕದ ಸ್ಟಾಂಪೇ ಇರಬೇಕು, ಅಲ್ಲಿಂದ ಕೆನಡಾಕ್ಕೆ ಆಗುವಷ್ಟು. ನಮ್ಮ ಸ್ಟಾಂಪು ಅಲ್ಲಿ ನಡೆಯುವುದಿಲ್ಲ. ಕಾಗದ ಕೈಬರಹದಲ್ಲೇ ಬರೆಯುತ್ತೇನೆ, ಅರ್ಧ ಪುಟ ಮೀರುವುದಿಲ್ಲ. ಆ ಆಟಗಾರನ ಬಗ್ಗೆ ನನಗೆ ನಿಜವಾಗಿ ಗೊತ್ತಿರುವ ಒಂದು ವಿಷಯ, ಒಂದೇ ಕಾರ್ಡ್, ಒಂದು ಥ್ಯಾಂಕ್ಸ್. ವಿಳಾಸ ಮನೆಯದ್ದಲ್ಲ. ಆಟ ಬಿಟ್ಟ ಎಷ್ಟೋ ಜನ ಈಗ ಕೋಚ್ ಆಗಿಯೋ ಟಿವಿಯಲ್ಲಿ ವಿವರಣೆ ಕೊಡುತ್ತಲೋ ಇದ್ದಾರೆ. ಓಲ್‌ಚಿಕ್ ಕೂಡ ಹಾಗೆ ಟಿವಿಗೆ ಹೋದವರೇ. ಅಂಥವರಿಗೆ ತಂಡದ ಕಚೇರಿ ವಿಳಾಸಕ್ಕೇ ಬರೆಯುತ್ತೇನೆ. ಉತ್ತರ ಬರದಿದ್ದರೆ ಮತ್ತೆ ಕಾಡುವುದಿಲ್ಲ.

ಕೊಳ್ಳಲೇಬೇಕಾದ ಸಹಿಗೆ ನನ್ನದೊಂದು ಕಟ್ಟುಪಾಡು. ಸಹಿ ಅಸಲಿಯೋ ಅಲ್ಲವೋ ಅಂತ ನೋಡುವ ಕಂಪನಿಗಳಾದ ಪಿಎಸ್‌ಎ, ಜೆಎಸ್‌ಎ ಅಥವಾ ಬೆಕೆಟ್ ಪರಿಶೀಲಿಸಿದ್ದಾದರೆ ಮಾತ್ರ. ಆಟಗಾರ ತೀರಿಕೊಂಡ ಮೇಲೆ ನಕಲಿ ಸಹಿಗಳು ಜಾಸ್ತಿ ಓಡಾಡುತ್ತವೆ. ಮಾರುವವರು ಕೊಡುವ ‘ಗ್ಯಾರಂಟಿ’ ಚೀಟಿಗೆ ನಾನು ಬೆಲೆ ಕೊಡುವುದಿಲ್ಲ. ಅಸಲಿ ಸಹಿಗಳ ಫೋಟೊ ಆದಷ್ಟು ನೋಡಿ ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕು. ಕೈ ತಡೆಯದೆ ಓಡಿದ ಗೆರೆಗೂ ನೋಡಿಕೊಂಡು ನಿಧಾನಕ್ಕೆ ಬಿಡಿಸಿದ ಗೆರೆಗೂ ವ್ಯತ್ಯಾಸ ಆಗ ತಾನಾಗಿ ಕಾಣುತ್ತದೆ. ನಿಧಾನದ ಗೆರೆ ನಡುಗಿರುತ್ತದೆ, ತಿರುವಿನಲ್ಲಿ ಇಂಕು ನಿಂತಿರುತ್ತದೆ.

ಮೊನ್ನೆ ಎಡ್ಮಂಟನ್‌ನಲ್ಲಿರುವ ಗೆಳೆಯರೊಬ್ಬರು ಕೇಳಿದರು: “ನಾನೂ ಶುರು ಮಾಡ್ತೀನಿ, ಆಯಿಲರ್ಸ್ ತಗೊಳ್ಳಲಾ?” ತಗೊಳ್ಳಿ ಅಂದೆ. 1990ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡ ಅದು. ಗ್ರೆಟ್ಸ್ಕಿ 1988ರಲ್ಲೇ ಲಾಸ್ ಏಂಜಲೀಸ್‌ಗೆ ಹೋಗಿದ್ದರಿಂದ ಆ ಖರ್ಚು ತಪ್ಪಿತು. ಆದರೆ ಮಾರ್ಕ್ ಮೆಸ್ಸಿಯೆ, ಯಾರಿ ಕುರಿ, ಗ್ರಾಂಟ್ ಫ್ಯೂರ್, ಗ್ಲೆನ್ ಆಂಡರ್ಸನ್, ಕೆವಿನ್ ಲೋವ್ ಎಲ್ಲರೂ ಹಾಲ್ ಆಫ್ ಫೇಮ್, ಅಂದರೆ ಹಾಕಿ ದಿಗ್ಗಜರ ಗೌರವ ಪಟ್ಟಿ, ಸೇರಿದವರು. ಲೀಫ್ಸ್‌ಗಿಂತ ದುಬಾರಿ ಆಗುತ್ತದೆ. ಮೊದಲು ಮೆಸ್ಸಿಯೆ ಸಹಿಗೆ ಎಷ್ಟು ತಗೊಳ್ಳುತ್ತಾರೆ ಅಂತ ವಿಚಾರಿಸಿ, ಅದು ನಿಮ್ಮ ಕೈಗೆ ಎಟುಕಿದರೆ ಉಳಿದವರಿಗೆ ಕಾಗದ ಬರೆಯಲು ಶುರು ಮಾಡಿ ಅಂತ ಹೇಳಿದ್ದೇನೆ.