ಆಟಿಸಂ ಇರುವ ಮಗುವಿನ ಹಲ್ಲುಜ್ಜಲು ಮೊಬೈಲ್ ಬಳಸುವುದು ಹೇಗೆ?

ಯೂಟ್ಯೂಬ್ ಹಾಡು ಹಾಕಿ, ಮಗು ಮೈಮರೆತಾಗ ಬಾಯಿಗೆ ಬ್ರಶ್ ತುರುಕಬೇಡಿ. ಎರಡು ದಿನ ನಡೆಯುತ್ತದೆ, ಆಮೇಲೆ ಮಗು ಮೊಬೈಲನ್ನೂ ದೂಡುತ್ತದೆ. ಮುಂದೇನು, ಯಾವಾಗ ಮುಗಿಯುತ್ತದೆ ಎಂದು ಮಗುವಿಗೆ ಮೊದಲೇ ಗೊತ್ತಾಗಬೇಕು. ಆ್ಯಪ್ ಇಷ್ಟು ಮಾಡಿದರೆ ಸಾಕು.

ಚಿತ್ರಗಳನ್ನು ಸಾಲಾಗಿ ಜೋಡಿಸಲು, ನಿಮ್ಮ ದನಿ ಸೇರಿಸಲು ಬರುವ ಯಾವುದೇ ದಿನಚರಿ ಆ್ಯಪ್ ಆದೀತು. ಜಾಹೀರಾತು ಬರುವಂಥದ್ದು ಬೇಡವೇ ಬೇಡ. ನಡುವೆ ಅದು ಕಿರುಚಿದರೆ ಆ ದಿನದ ಕೆಲಸ ಕೆಟ್ಟಿತು. ಒಳ್ಳೆಯದು ಸಿಗದಿದ್ದರೆ ಗ್ಯಾಲರಿಯಲ್ಲೇ ಆಲ್ಬಂ ಮಾಡಿ, ಏರೋಪ್ಲೇನ್ ಮೋಡ್ ಹಾಕಿ.

ಹೆಚ್ಚಿನವರು ಎಡವುವುದು ಚಿತ್ರಗಳಲ್ಲಿ. ಕಾರ್ಟೂನ್ ಮೊಲದ ಬದಲು ನಿಮ್ಮದೇ ಬಚ್ಚಲುಮನೆ, ಮಗುವಿನದೇ ಬ್ರಶ್ಶಿನ ಫೋಟೊ ತೆಗೆಯಿರಿ. ಒಂದು ಫೋಟೊಗೆ ಒಂದೇ ಕೆಲಸ: ಬ್ರಶ್ ಹಿಡಿ, ಪೇಸ್ಟ್ ಹಾಕು, ಮೇಲೆ ಬಲ, ಮೇಲೆ ಎಡ, ಕೆಳಗೆ ಬಲ, ಕೆಳಗೆ ಎಡ, ಉಗುಳು, ಮುಗಿಯಿತು. ಹಿಂದೆ ಕಾಣುವ ಬಕೆಟ್, ಬಟ್ಟೆ ಸರಿಸಿ. ಕೆಲವು ಮಕ್ಕಳ ಕಣ್ಣು ಬ್ರಶ್ ಬಿಟ್ಟು ಅಲ್ಲೇ ಅಂಟಿಕೊಳ್ಳುತ್ತದೆ. ‘ಮುಗಿಯಿತು’ ಬಂದ ಮೇಲೆ “ಇನ್ನೊಂದೇ ಸಲ” ಎಂದು ಬ್ರಶ್ ಹಾಕಲೇಬಾರದು. ಹಾಕಿದಿರೋ, ಮಗು ಮತ್ತೆ ಆ ಚಿತ್ರವನ್ನು ನಂಬುವುದಿಲ್ಲ.

ಮೊದಲ ಕೆಲವು ದಿನ ಚಿತ್ರ ನೋಡಿಸಿ ಬಿಡಿ. ಆಮೇಲೆ ತುಟಿಗೆ ಬ್ರಶ್ ಮುಟ್ಟಿಸಿ ನಿಲ್ಲಿಸಿ. ಅದು ಒಗ್ಗಿದ ಮೇಲೆ ಒಂದೊಂದು ಭಾಗಕ್ಕೆ 5 ಸೆಕೆಂಡ್. ನಿಧಾನಕ್ಕೆ 30ಕ್ಕೆ ಏರಿಸಿದರೆ ಒಟ್ಟು 2 ನಿಮಿಷವಾಗುತ್ತದೆ. ಬಣ್ಣ ಕರಗುತ್ತ ಹೋಗುವ ಟೈಮರ್ ಇಡಿ, ಕೊನೆಯ ಗಂಟೆಯ ಸದ್ದು ಆರಿಸಿ. ಮೊಬೈಲ್ ಕನ್ನಡಿಯ ಪಕ್ಕ ಮಗುವಿನ ಕಣ್ಣಿನ ಎತ್ತರಕ್ಕಿರಲಿ, ನೀವು ಹಿಂದೆ ನಿಂತು ಉಜ್ಜಿ.

ಪೇಸ್ಟ್ 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು. ಮಿಂಟ್ ಪೇಸ್ಟ್ ಹಲವು ಮಕ್ಕಳಿಗೆ ಉರಿಯುತ್ತದೆ, ರುಚಿಯಿಲ್ಲದ್ದನ್ನು ಹುಡುಕಿ. ಅರಸೀಕೆರೆ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಹೆಚ್ಚಿನ ಪೇಸ್ಟಿನಲ್ಲೂ ಫ್ಲೋರೈಡ್ ಇರುವುದರಿಂದ ಅಲ್ಲಿಯವರು ದಂತವೈದ್ಯರನ್ನು ಕೇಳಿಯೇ ಪೇಸ್ಟ್ ಆರಿಸಿ.

ದಂತವೈದ್ಯರ ಭೇಟಿಗೂ ಇದೇ ದಾರಿ. ಹಾಸನದ ಹಾಸನಾಂಬ ದಂತ ಕಾಲೇಜಾಗಲಿ, ನಿಮ್ಮೂರಿನ ಕ್ಲಿನಿಕ್ಕಾಗಲಿ, ಮೊದಲೇ ಹೋಗಿ ಅನುಮತಿ ಕೇಳಿ ಬಾಗಿಲು, ಕುರ್ಚಿ, ದೀಪದ ಫೋಟೊ ತೆಗೆದು ಮನೆಯಲ್ಲಿ ತೋರಿಸುತ್ತ ಬನ್ನಿ. ಮಗು ‘ಆವಾಜ್’ (Avaz)‌ನಂಥ ಚಿತ್ರ ತೋರಿಸಿ ಮಾತಾಡುವ ಆ್ಯಪ್ ಬಳಸುತ್ತಿದ್ದರೆ ಅದರಲ್ಲಿ ‘ಸಾಕು’, ‘ನೋವು’ ಬಟನ್ ಸೇರಿಸಿ. ಮಗು ಇದ್ದಕ್ಕಿದ್ದಂತೆ ಊಟ ಬಿಟ್ಟು, ನಿದ್ದೆಗೆಟ್ಟು, ಕೆನ್ನೆ ಹೊಡೆದುಕೊಳ್ಳುತ್ತಿದ್ದರೆ ಹಲ್ಲುನೋವಿರಬಹುದು. ಆಗ ಅಭ್ಯಾಸ ಬದಿಗಿಟ್ಟು ಕೂಡಲೇ ವೈದ್ಯರಿಗೆ ತೋರಿಸಿ.