ವಿಜ್ಞಾನ ಶಿಕ್ಷಕರ ತಯಾರಿ: ಮಕ್ಕಳ ಉತ್ತರದಿಂದ ಪಾಠ ಕಟ್ಟುವುದು ಹೇಗೆ?

ಬಿ.ಇಡಿ. ಪದವಿ 2015ರಿಂದ ಎರಡು ವರ್ಷದ್ದಾದ ಮೇಲೆ ಪ್ರಶಿಕ್ಷಣಾರ್ಥಿಗಳಿಗೆ, ಅಂದರೆ ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವವರಿಗೆ, ಶಾಲೆಯಲ್ಲಿ ಕಳೆಯಲು ಮೊದಲಿಗಿಂತ ಹೆಚ್ಚು ವಾರಗಳು ಸಿಗುತ್ತಿವೆ. ಅವರ ಪಾಠಯೋಜನೆಗಳಲ್ಲಿ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲಕ್ಕೂ ಕಾಲಂ ಇರುತ್ತದೆ. ಮಕ್ಕಳು ಏನು ಹೇಳಬಹುದು ಎಂಬುದಕ್ಕೆ ಮಾತ್ರ ಜಾಗ ಇರುವುದಿಲ್ಲ. ಎಲ್ಲ ಮಕ್ಕಳನ್ನೂ ಒಳಗೊಳ್ಳುವ, ವಿಷಯದ ಬಿಗಿ ಸಡಿಲಿಸದ, ಮಕ್ಕಳ ಮಾತಿಗೆ ಓಗೊಡುವ ಬೋಧನೆಯ ತಯಾರಿ ಆ ಜಾಗದಿಂದಲೇ ಶುರುವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ತರಬೇತಿ ಕಾಲೇಜಿನ ಅಧ್ಯಾಪಕರು ಮತ್ತು ಹೊಸಬರಿಗೆ ಮಾರ್ಗದರ್ಶನ ಮಾಡುವ ಹಿರಿಯ ಶಿಕ್ಷಕರು ಇದನ್ನು ಹೀಗೆ ನಡೆಸಬಹುದು.

ಮೊದಲ ಹೆಜ್ಜೆಯಾಗಿ, ಪಾಠಯೋಜನೆ ಬರೆಯುವ ಮುಂಚೆ ಪ್ರಶಿಕ್ಷಣಾರ್ಥಿಯು ಪ್ರಯೋಗವನ್ನು ತಾನೇ ಮಾಡಲಿ. ನೀರಿನ ಕುದಿಯುವ ಬಿಂದುವನ್ನೇ ತೆಗೆದುಕೊಳ್ಳಿ. ಪಠ್ಯಪುಸ್ತಕದಲ್ಲಿರುವುದು 100 ಡಿಗ್ರಿ ಸೆಲ್ಸಿಯಸ್. ಆದರೆ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ ಶೇ 10ರಷ್ಟು ಕಡಿಮೆ ಇರುವುದರಿಂದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಇದನ್ನು ಮೊದಲೇ ಕಣ್ಣಾರೆ ಕಾಣದ ಶಿಕ್ಷಕಿ, ತರಗತಿಯಲ್ಲಿ ಪಾದರಸ 97ಕ್ಕೆ ನಿಂತಾಗ ಗಲಿಬಿಲಿಗೊಂಡು ‘100 ಎಂದೇ ಬರೆದುಕೊಳ್ಳಿ’ ಎಂದುಬಿಡುವ ಅಪಾಯವಿದೆ. ಕಣ್ಣೆದುರಿನ ಅಳತೆಗಿಂತ ಪುಸ್ತಕ ದೊಡ್ಡದು ಎಂಬ ತಪ್ಪು ಪಾಠವನ್ನು ಮಕ್ಕಳು ಅಂದು ಕಲಿಯುತ್ತಾರೆ.

ಎರಡನೆಯದು, ನಿರೀಕ್ಷಿತ ಉತ್ತರಗಳ ಪಟ್ಟಿ. ಅಳತೆ ಏಕೆ ಹೀಗೆ ಬಂತು ಎಂದು ಕೇಳಿದರೆ ‘ಥರ್ಮಾಮೀಟರ್ ಕೆಟ್ಟಿದೆ ಮಿಸ್’, ‘ಉರಿ ಸಾಲದು’, ‘ಇದು ಬೋರ್‌ವೆಲ್ ನೀರು’ ಎಂಬ ಮಾತುಗಳು ಬರಬಹುದು. ಇವು ಮೂರೂ ಪರೀಕ್ಷಿಸಬಹುದಾದ ಊಹೆಗಳು, ಆದ್ದರಿಂದ ಯಾವುದನ್ನೂ ‘ತಪ್ಪು’ ಎಂದು ಕೂರಿಸುವ ಅಗತ್ಯವಿಲ್ಲ. ಥರ್ಮಾಮೀಟರನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟರೆ ಸೊನ್ನೆ ತೋರಿಸಬೇಕು. ಇನ್ನೊಂದು ಥರ್ಮಾಮೀಟರನ್ನೂ ಇಟ್ಟು ಹೋಲಿಸಬಹುದು. ಉರಿ ಹೆಚ್ಚಿಸಿದರೆ ನೀರು ಬೇಗ ಆವಿಯಾಗುತ್ತದೆಯೇ ಹೊರತು ತಾಪ ಏರುವುದಿಲ್ಲ. ನೀರಿನಲ್ಲಿ ಕರಗಿದ ಲವಣ ಕುದಿಯುವ ಬಿಂದುವನ್ನು ತುಸು ಏರಿಸುತ್ತದೆ, ಇಳಿಸುವುದಿಲ್ಲ. ಉಪ್ಪು ಬೆರೆಸಿದ ನೀರನ್ನೂ ಭಟ್ಟಿ ಇಳಿಸಿದ ನೀರನ್ನೂ ಕುದಿಸಿ ನೋಡಿದರೆ ಮಕ್ಕಳಿಗೆ ಅದೂ ತಿಳಿಯುತ್ತದೆ. ಮೂರೂ ಊಹೆಗಳು ಬಿದ್ದುಹೋದ ಮೇಲೆ ಯಾರಾದರೂ ಮನೆಯ ಕುಕ್ಕರ್ ನೆನಪಿಸಿದರೆ, ಒತ್ತಡದ ಪಾಠಕ್ಕೆ ದಾರಿ ಅಲ್ಲೇ ತೆರೆಯುತ್ತದೆ. ಪ್ರಶಿಕ್ಷಣಾರ್ಥಿಯು ಪ್ರತಿ ಉತ್ತರದ ಎದುರು ತಾನು ಕೇಳುವ ಮರುಪ್ರಶ್ನೆಯನ್ನೂ ಮಾಡಿಸುವ ಪರೀಕ್ಷೆಯನ್ನೂ ಬರೆದಿಟ್ಟುಕೊಳ್ಳಬೇಕು.

ಮೂರನೆಯದು ತಾಲೀಮು. ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿಕೊಂಡು ಚಿಕ್ಕ ಪಾಠ ಮಾಡುವ ಅಣುಬೋಧನೆಯಲ್ಲಿ (ಮೈಕ್ರೋ ಟೀಚಿಂಗ್) ಆ ಸಹಪಾಠಿಗಳು ಜಾಣ ವಿದ್ಯಾರ್ಥಿಗಳಂತೆ ಸರಿಯುತ್ತರ ಕೊಡುವ ವಾಡಿಕೆಯನ್ನು ಬಿಟ್ಟು, ಪಟ್ಟಿಯಲ್ಲಿರುವ ಉತ್ತರಗಳನ್ನೇ ಕೊಡಲಿ. ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ಇಲ್ಲಿಯೇ ಅಭ್ಯಾಸ ಮಾಡಿಸಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ದೀರ್ಘವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ.

ನಾಲ್ಕನೆಯದು ತರಗತಿಯೊಳಗಿನ ಅವಲೋಕನ, ಮತ್ತು ಹೆಚ್ಚು ಗಮನ ಬೇಡುವುದು ಇದೇ. ಹಿರಿಯ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತು, ಮಕ್ಕಳ ಆಸನಗಳ ನಕ್ಷೆಯಲ್ಲಿ ಯಾರು ಮಾತಾಡಿದರು, ಥರ್ಮಾಮೀಟರ್ ಯಾರ ಕೈಯಲ್ಲಿತ್ತು, ಬರೆಯುವ ಕೆಲಸ ಯಾರ ಪಾಲಿಗೆ ಬಂತು, ಬೀಕರ್ ತೊಳೆದವರು ಯಾರು ಎಂದು ಗುರುತು ಹಾಕಲಿ. ಹುಡುಗರು ಅಳೆದು ಹುಡುಗಿಯರು ಬರೆಯುವ ಕ್ರಮ ಕಂಡರೆ ಮುಂದಿನ ಪ್ರಯೋಗದಲ್ಲಿ ಪಾತ್ರಗಳನ್ನು ಬದಲಿಸಬೇಕು. ನಗರದ ಶಾಲೆಗಳಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಮನೆಮಾತಿನವರ ಜೊತೆಗೆ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ಇರುತ್ತಾರೆ. ಮೊದಲು ತಮ್ಮ ಮಾತಿನಲ್ಲೇ ಪಕ್ಕದವರೊಡನೆ ಚರ್ಚಿಸಲು ಬಿಟ್ಟು, ಆಮೇಲೆ ‘ಆವಿ’, ‘ಒತ್ತಡ’ ಎಂಬ ಪದಗಳನ್ನು ಹಲಗೆಯ ಮೇಲೆ ಬರೆದರೆ ಆ ಪದಗಳಿಗೆ ಅರ್ಥ ಕೂಡುತ್ತದೆ. ಇಂಥ ಮಕ್ಕಳಿಗೆಂದು ಪ್ರಶ್ನೆಯನ್ನು ಸುಲಭ ಮಾಡುವುದು ಕರುಣೆಯಂತೆ ಕಂಡರೂ ಅನ್ಯಾಯವೇ. ಪ್ರಶ್ನೆ ಎಲ್ಲರಿಗೂ ಒಂದೇ ಇರಲಿ, ಅದನ್ನು ತಲುಪುವ ಮೆಟ್ಟಿಲುಗಳು ಬೇರೆಯಾಗಲಿ.

ಕೊನೆಯದಾಗಿ, ಅದೇ ದಿನ ಹಿರಿಯ ಶಿಕ್ಷಕರು, ಪ್ರಶಿಕ್ಷಣಾರ್ಥಿ ಇಬ್ಬರೂ ಕುಳಿತು ಮಕ್ಕಳ ಪುಸ್ತಕಗಳನ್ನು ಓದಬೇಕು. ಅಂಕ ಹಾಕದೆ, ವಿಚಾರದ ಆಧಾರದ ಮೇಲೆ ವಿಂಗಡಿಸಿ: ಕುದಿಯುವ ನೀರಿನ ಗುಳ್ಳೆಯಲ್ಲಿರುವುದು ಗಾಳಿ ಎಂದವರು, ನೀರಾವಿ ಎಂದವರು, ಒತ್ತಡವನ್ನು ಹೆಸರಿಸಿದವರು. ಅತಿ ಹೆಚ್ಚು ಪುಸ್ತಕಗಳಿರುವ ಗುಂಪಿನ ವಿಚಾರವೇ ಮರುದಿನದ ಪಾಠದ ಮೊದಲ ಪ್ರಶ್ನೆಯಾಗಲಿ, ಮತ್ತು ಆ ದಿನದ ಪಾಠಯೋಜನೆಯನ್ನು ಪ್ರಶಿಕ್ಷಣಾರ್ಥಿಯು ಈ ಓದು ಮುಗಿದ ನಂತರವೇ ಬರೆಯಲಿ.