ಎಲೆಕ್ಟ್ರಿಕ್ ಪಿಟೀಲನ್ನು ಲ್ಯಾಪ್‌ಟಾಪಿಗೆ ಜೋಡಿಸುವುದು ಹೇಗೆ?

ಜೂನ್ ತಿಂಗಳು ಬಂತೆಂದರೆ ಕೊಡಗಿನಲ್ಲಿ ಮರದ ವಾದ್ಯಗಳಿಗೆ ಕಷ್ಟ ಶುರು. ಗಾಳಿಯ ತೇವ ಹೀರಿ ಪಿಟೀಲಿನ ಮರ ಉಬ್ಬುತ್ತದೆ. ಬಿರಡೆ ಬಿಗಿದುಕೊಂಡು ತಿರುಗುವುದೇ ಇಲ್ಲ. ಕಮಾನಿನ ಕೂದಲು ಸಡಿಲ ಬೀಳುತ್ತದೆ. ಮೈಕ್ ಇಟ್ಟು ರೆಕಾರ್ಡ್ ಮಾಡೋಣ ಅಂದರೆ, ಹೆಂಚಿನ ಮೇಲೆ, ಶೀಟಿನ ಮೇಲೆ ಬೀಳುವ ಮಳೆ ಪಿಟೀಲಿಗಿಂತ ಜೋರಾಗಿ ಕೇಳುತ್ತದೆ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಎಲೆಕ್ಟ್ರಿಕ್ ಪಿಟೀಲು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದರ ಒಡಲು ಸಾಮಾನ್ಯವಾಗಿ ಪೊಳ್ಳಲ್ಲ, ಗಟ್ಟಿ. ತಂತಿಯ ಕಂಪನವನ್ನು ಕುದುರೆಯ ಬಳಿ ಕೂತಿರುವ ಪಿಕಪ್ ಹಿಡಿಯುತ್ತದೆ. ಹೊರಗಿನ ಮಳೆಯ ಗೋಜಿಗೆ ಅದು ಹೋಗುವುದಿಲ್ಲ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನುಡಿಸಿದರೆ ಪಕ್ಕದ ಕೋಣೆಯಲ್ಲಿ ಮಲಗಿದವರ ನಿದ್ದೆಯೂ ಕೆಡುವುದಿಲ್ಲ. ಯಮಹಾ ಕಂಪನಿ 1997ರಲ್ಲಿ ‘ಸೈಲೆಂಟ್ ವಯಲಿನ್’ ತಂದಿದ್ದು ಇಂಥ ಅಭ್ಯಾಸಕ್ಕಾಗಿಯೇ.

ಆದರೆ ಎಷ್ಟೋ ಜನ ಆಸೆಯಿಂದ ಕೊಂಡು, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಮ್ಮೆ ಕೇಳಿ, ಬೇಸರಪಟ್ಟು ಪೆಟ್ಟಿಗೆಯಲ್ಲಿಟ್ಟುಬಿಡುತ್ತಾರೆ. ದನಿ ತೆಳ್ಳಗೆ, ಮೂಗಿನಿಂದ ಬಂದ ಹಾಗೆ, ಕೀರಲು. ವಾದ್ಯವೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಬಹಳ ಸಲ ದೋಷ ವಾದ್ಯದ್ದಲ್ಲ, ಮೊದಲ ಜೋಡಣೆಯದು. ಅದನ್ನು ಸರಿಮಾಡದೆ ಮುಂದೆ ದನಿ ಬದಲಿಸುವ ಎಷ್ಟು ಇಫೆಕ್ಟ್ ಹಾಕಿದರೂ ಪ್ರಯೋಜನವಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ಮೊದಲ ಜೋಡಣೆ

ಹೆಚ್ಚಿನ ಎಲೆಕ್ಟ್ರಿಕ್ ಪಿಟೀಲುಗಳಲ್ಲಿ ಇರುವುದು ಪೀಜೋ ಪಿಕಪ್. ಅದುಮಿದರೆ ಒಂಚೂರು ವಿದ್ಯುತ್ ಹುಟ್ಟಿಸುವ ಹರಳು ಅದು. ಆ ವಿದ್ಯುತ್ತಿಗೆ ಬಲ ಬಹಳ ಕಡಿಮೆ. ಮುಂದಿನ ಉಪಕರಣ ಅದನ್ನು ಜಾಸ್ತಿ ಎಳೆದುಕೊಂಡರೆ ಮಂದ್ರದ ಸ್ವರಗಳೇ ಮೊದಲು ಸೊರಗುತ್ತವೆ. ಎಷ್ಟು ಎಳೆದುಕೊಳ್ಳುತ್ತದೆ ಅನ್ನುವುದು ಅದರ ‘ಇನ್‌ಪುಟ್ ಇಂಪೀಡೆನ್ಸ್’ ನೋಡಿದರೆ ಗೊತ್ತಾಗುತ್ತದೆ. ಈ ಅಂಕಿ ದೊಡ್ಡದಿದ್ದಷ್ಟೂ ಎಳೆತ ಕಡಿಮೆ. ಸಾಮಾನ್ಯ ಲೈನ್ ಇನ್‌ಪುಟ್‌ನಲ್ಲಿ ಅದು 10 ಕಿಲೋ ಓಮ್ ಆಸುಪಾಸು. ಪೀಜೋಗೆ ಬೇಕಾದದ್ದು 1 ಮೆಗಾ ಓಮ್, ಅಂದರೆ ನೂರು ಪಟ್ಟು. ತೆಳ್ಳನೆಯ ದನಿಗೆ ಮುಖ್ಯ ಕಾರಣ ಇದು.

ಈಗ ನಿಮ್ಮ ಪಿಟೀಲನ್ನು ತಿರುಗಿಸಿ ನೋಡಿ. ಬ್ಯಾಟರಿ ಹಾಕುವ ಜಾಗ ಇದ್ದರೆ ಒಳಗೆ ಪ್ರೀ-ಆಂಪ್ ಇದೆ ಎಂದರ್ಥ. ದನಿಗೆ ಬೇಕಾದ ಬಲವನ್ನು ಅದು ಅಲ್ಲೇ ತುಂಬಿ ಕಳಿಸುತ್ತದೆ. ಬ್ಯಾಟರಿ ಇಲ್ಲದಿದ್ದರೆ, ಅಥವಾ ಹಳೆಯ ಮರದ ಪಿಟೀಲಿಗೇ ಪಿಕಪ್ ಕೂರಿಸಿಕೊಂಡಿದ್ದರೆ, ಆಡಿಯೊ ಇಂಟರ್‌ಫೇಸ್ ಬೇಕೇ ಬೇಕು. ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಸೇರುವ ಪುಟ್ಟ ಪೆಟ್ಟಿಗೆ ಅದು. ಕೊಳ್ಳುವಾಗ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝಡ್’ ಅಂತ ಗುರುತಿರುವ ಇನ್‌ಪುಟ್ ಇದೆಯಾ ನೋಡಿ. ಕೆಲವದರಲ್ಲಿ ಗಿಟಾರಿನ ಚಿತ್ರ ಇರುತ್ತದೆ. ಅಲ್ಲಿ ಗುಂಡಿ ಇದ್ದರೆ ಅದನ್ನು ಒತ್ತಿದ ಮೇಲೆಯೇ ನುಡಿಸಿ.

ಪ್ರೀ-ಆಂಪ್ ಇರುವವರಿಗೂ ಇಂಟರ್‌ಫೇಸ್ ಒಳ್ಳೆಯದೇ. ಲ್ಯಾಪ್‌ಟಾಪಿನ ಮೈಕ್ ತೂತು ಮಾತಾಡುವುದಕ್ಕೆ ಮಾಡಿದ್ದು, ಸಂಗೀತಕ್ಕಲ್ಲ. ಗಿಟಾರಿಗೆ ಬಳಸುವ 6.35 ಮಿ.ಮೀ. ಜ್ಯಾಕ್‌ನ ಮೋನೊ ಕೇಬಲ್ ಸಾಕು. ಉದ್ದ 5 ಮೀಟರ್ ದಾಟದಿರಲಿ. ಪಿಟೀಲಿನಲ್ಲಿ ಹೆಡ್‌ಫೋನಿಗೊಂದು, ಲೈನ್‌ಗೊಂದು ತೂತಿದ್ದರೆ ಲೈನ್‌ನದ್ದನ್ನೇ ಬಳಸಿ.

ತಡ ಮತ್ತು ಮಟ್ಟ

ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ವಿಂಡೋಸ್ ಇದ್ದವರು ರೀಪರ್ ಹಾಕಿಕೊಳ್ಳಬಹುದು, 60 ದಿನ ದುಡ್ಡು ಕೊಡದೆ ಬಳಸಿ ನೋಡಲು ಬಿಡುತ್ತಾರೆ. ವಿಂಡೋಸ್‌ನಲ್ಲಿ ಒಂದು ಕೆಲಸ ಮರೆಯಬೇಡಿ. ಇಂಟರ್‌ಫೇಸ್ ಮಾಡಿದ ಕಂಪನಿಯದ್ದೇ ಏಸಿಯೊ (ASIO) ಡ್ರೈವರ್, ಅಂದರೆ ತಡ ತಗ್ಗಿಸುವ ಪುಟ್ಟ ಸಾಫ್ಟ್‌ವೇರ್, ಹಾಕಿ. ಅದಿಲ್ಲದೆ ಕಮಾನು ಎಳೆದ ಎಷ್ಟೋ ಹೊತ್ತಿನ ಮೇಲೆ ಕಿವಿಗೆ ದನಿ ಬರುತ್ತದೆ, ಲಯ ಕೂರುವುದೇ ಇಲ್ಲ.

ಈ ತಡವನ್ನು ನಿಯಂತ್ರಿಸುವುದು ‘ಬಫರ್ ಸೈಜ್’, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ತುಣುಕುಗಳ (ಸ್ಯಾಂಪಲ್) ಸಂಖ್ಯೆ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವುದನ್ನು, 48 ಕಿಲೋಹರ್ಟ್ಜ್‌ಗೆ ಇಟ್ಟುಕೊಂಡು ಲೆಕ್ಕ ಹಾಕೋಣ. ಬಫರ್ 128 ಇದ್ದರೆ ಸುಮಾರು 2.7 ಮಿಲಿಸೆಕೆಂಡ್ ತಡ. 256ಕ್ಕೆ 5.3. 1024ಕ್ಕೆ 21. ದನಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಈ ತಡ ಸೇರುತ್ತದೆ. ಒಟ್ಟು 10 ಮಿಲಿಸೆಕೆಂಡ್ ಒಳಗಿದ್ದರೆ ನುಡಿಸುವ ಕೈಗೆ ತೊಡಕಾಗುವುದಿಲ್ಲ. ಮೂರೂವರೆ ಮೀಟರ್ ದೂರದ ಸ್ಪೀಕರಿನಿಂದ ದನಿ ಬರಲು ಹಿಡಿಯುವ ಹೊತ್ತೂ ಅಷ್ಟೇ. ನುಡಿಸುವಾಗ 128 ಇಡಿ. ಚಟಚಟ ಸದ್ದು ಬಂದರೆ 256ಕ್ಕೆ ಏರಿಸಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ. ಸಾಮಾನ್ಯವಾಗಿ ಅದೊಂದೇ 100 ಮಿಲಿಸೆಕೆಂಡ್‌ಗೂ ಜಾಸ್ತಿ ತಡ ಮಾಡುತ್ತದೆ.

ಮಟ್ಟ ಹೊಂದಿಸುವುದು ಸುಲಭ. ಜೋರಾಗಿ ನುಡಿಸುತ್ತಾ ಇಂಟರ್‌ಫೇಸ್‌ನ ಗೇನ್ (ಒಳಬರುವ ದನಿಯ ಮಟ್ಟ) ಏರಿಸಿ. ಮೀಟರ್ ಮೈನಸ್ 12 ಡೆಸಿಬೆಲ್ ಸುತ್ತ ಆಡಲಿ, ಕೆಂಪು ದೀಪ ಮುಟ್ಟದಿರಲಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಸ್ವಲ್ಪ ಮೆತ್ತಗಿದ್ದರೂ ಆಮೇಲೆ ಏರಿಸಿಕೊಳ್ಳಬಹುದು. ಒಡೆದ ದನಿಯನ್ನು ಮಾತ್ರ ಮತ್ತೆ ಸರಿಮಾಡಲಾಗದು.

ಗುಂಯ್ ಅನ್ನುವ ಸದ್ದು

ನಮ್ಮ ಕರೆಂಟು 50 ಹರ್ಟ್ಜ್. ಅದು ದನಿಯೊಳಗೆ ನುಸುಳಿದರೆ ಕೆಳಗೆ ಒಂದೇ ಸಮನೆ ಗುಂಯ್ ಅನ್ನುತ್ತದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ ನೋಡಿ. ಸದ್ದು ನಿಂತರೆ ಚಾರ್ಜರಿನ ದಾರಿಯಲ್ಲೇ ಅದು ಬರುತ್ತಿದೆ. ಕೆಲವು ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇದ್ದರೂ ಅರ್ತಿಂಗ್ ತಂತಿ ನೆಲ ಮುಟ್ಟಿರುವುದಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ. ಸದ್ದು ಹೋಗುತ್ತದೆ ಅಂತ ಅರ್ತ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೆ ಅಪಾಯ.

ಕರೆಂಟು ಹೋದಾಗ ಇನ್ವರ್ಟರ್ ಮೇಲೆ ನುಡಿಸುವವರು ಇಲ್ಲಿ ಬಹಳ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಝಿರ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಸೈನ್ ವೇವ್ ಇನ್ವರ್ಟರ್‌ನಲ್ಲಿ ಆ ಕಾಟ ಕಡಿಮೆ. ಇನ್ನು ಏಪ್ರಿಲ್-ಮೇ ತಿಂಗಳ ಗುಡುಗು, ತುಲಾ ಮಾಸದ (ಅಕ್ಟೋಬರ್-ನವೆಂಬರ್) ಗುಡುಗು ಗೊತ್ತಲ್ಲ. ಮೋಡ ಕಟ್ಟುತ್ತಿದ್ದಂತೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಒಡಲಿಲ್ಲದ ದನಿಗೆ ಒಡಲು

ಗಟ್ಟಿ ಪಿಟೀಲಿನ ದನಿ ಒಣಗಿದಂತಿರುವುದು ಸಹಜ. ಮರದ ಪಿಟೀಲಿನಲ್ಲಿ ಪೊಳ್ಳಿನೊಳಗಿನ ಗಾಳಿ ಸುಮಾರು 280 ಹರ್ಟ್ಜ್ ಹತ್ತಿರ ಅನುರಣಿಸುತ್ತದೆ, ಹಲಗೆಗಳು 400ರಿಂದ 550ರ ನಡುವೆ. ಆ ತುಂಬುತನ ಇಲ್ಲಿ ಇರುವುದಿಲ್ಲ. ಅದನ್ನು ಹೊರಗಿನಿಂದ ಕೊಡಬೇಕು. ‘ಇಂಪಲ್ಸ್ ರೆಸ್ಪಾನ್ಸ್’ ಎಂಬ ಸಣ್ಣ ಫೈಲುಗಳಿವೆ. ನಿಜವಾದ ಮರದ ಪಿಟೀಲಿನ ಒಡಲು ಹೇಗೆ ಮೊಳಗುತ್ತದೆ ಅನ್ನುವುದನ್ನು ಅಳೆದು ಇಟ್ಟ ಫೈಲುಗಳು. ಉಚಿತವಾಗಿಯೂ ಸಿಗುತ್ತವೆ. ಅವನ್ನು ಕನ್ವಲ್ಯೂಷನ್ ಪ್ಲಗಿನ್‌ಗೆ, ಅಂದರೆ ಆ ಮೊಳಗನ್ನು ನಿಮ್ಮ ದನಿಗೆ ಬೆರೆಸುವ ಸಾಫ್ಟ್‌ವೇರಿಗೆ, ಹಾಕಿದರೆ ದನಿಯ ಬಣ್ಣವೇ ಬದಲಾಗುತ್ತದೆ. ಮಾರ್ದನಿ ಸೇರಿಸುವ ರಿವರ್ಬ್‌ಗಿಂತ ಮೊದಲು ಇದನ್ನು ಮಾಡಿ.

ಆಮೇಲೆ ಈಕ್ವಲೈಸರ್, ಅಂದರೆ ದನಿಯ ಮಂದ್ರ-ತಾರ ಭಾಗಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ. 80 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ, ಅಲ್ಲಿ ಪಿಟೀಲಿನ ಸ್ವರ ಯಾವುದೂ ಇಲ್ಲ. 2.5ರಿಂದ 4 ಕಿಲೋಹರ್ಟ್ಜ್ ನಡುವೆ ಮೂರು-ನಾಲ್ಕು ಡೆಸಿಬೆಲ್ ಇಳಿಸಿದರೆ ಕೀರಲು ತಗ್ಗುತ್ತದೆ. ಕೊನೆಗೆ ರಿವರ್ಬ್, ಅದೂ ಸ್ವಲ್ಪವೇ. ಜಾಸ್ತಿ ರಿವರ್ಬ್ ಶ್ರುತಿಯ ತಪ್ಪನ್ನು ಮುಚ್ಚಿಬಿಡುತ್ತದೆ. ಕಲಿಯುವವರಿಗೆ ಅದು ಒಳ್ಳೆಯದಲ್ಲ.

ಇಂಟರ್‌ಫೇಸ್‌ನಲ್ಲಿ ಎರಡನೇ ಇನ್‌ಪುಟ್ ಖಾಲಿ ಇರುತ್ತದೆ. ಅದಕ್ಕೊಂದು ಮೈಕ್ ಹಾಕಿ, ಗೆಳೆಯರು ಯಾರಾದರೂ ದುಡಿ (ಕೊಡಗಿನ ಪುಟ್ಟ ಚರ್ಮವಾದ್ಯ) ನುಡಿಸುವವರಿದ್ದರೆ ಕೂರಿಸಿಕೊಳ್ಳಿ. ಪಿಟೀಲಿನ ಟ್ರ್ಯಾಕಿಗೆ ದುಡಿಯ ಪೆಟ್ಟು ನುಗ್ಗುವುದಿಲ್ಲ. ಆಮೇಲೆ ಎರಡನ್ನೂ ಬೇರೆ ಬೇರೆಯಾಗಿ ತಿದ್ದಬಹುದು. ಹೊರಗಿನಿಂದ ವಿದ್ಯುತ್ ಬೇಕಾಗುವ ಕಂಡೆನ್ಸರ್ ಮೈಕ್ ಆದರೆ ಮಾತ್ರ ಇಂಟರ್‌ಫೇಸ್‌ನ 48 ವೋಲ್ಟ್ ಗುಂಡಿ ಒತ್ತಿ.

ಗಮಕ ಉಳಿಯಬೇಕು

ಪಿಟೀಲಿನಿಂದ ಕೊಳಲು, ಸಿಂಥ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ), ತಂತಿಮೇಳ ನುಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಸ್ವರವನ್ನು ಗುರುತಿಸಿ ಮಿಡಿ ಸಂಕೇತವಾಗಿ, ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳು ಓದುವ ಸ್ವರದ ಆಜ್ಞೆಯಾಗಿ, ಬದಲಿಸುವ ಸಾಫ್ಟ್‌ವೇರ್‌ಗಳಿವೆ. ಅಡಚಣೆ ಎಲ್ಲಿದೆ ಅಂದರೆ, 1983ರಲ್ಲಿ ಬಂದ ಮಿಡಿ ಹೆಚ್ಚಾಗಿ ಕೀಬೋರ್ಡಿಗಾಗಿ ರೂಪುಗೊಂಡದ್ದು. ಅದರ ಕಣ್ಣಿಗೆ ಸ್ವರಗಳು ಬಿಡಿ ಬಿಡಿ ಮೆಟ್ಟಿಲು, ಒಟ್ಟು 128. ತೋಡಿಯ ಗಾಂಧಾರವನ್ನು ಕಂಪಿಸಿ ನುಡಿಸಿ ನೋಡಿ. ನಮಗೆ ಅದು ಒಂದೇ ಸ್ವರ. ಯಂತ್ರ ಅದನ್ನು ಮೂರು-ನಾಲ್ಕು ಬೇರೆ ಬೇರೆ ಸ್ವರಗಳಾಗಿ ಕತ್ತರಿಸಿ ಟಕಟಕ ಅನ್ನಿಸುತ್ತದೆ.

ದಾರಿ ಇದೆ. ಮಿಡಿಯಲ್ಲಿ ‘ಪಿಚ್ ಬೆಂಡ್’ ಎಂಬ ಇನ್ನೊಂದು ಸಂಕೇತವಿದೆ, ಅದಕ್ಕೆ 16,384 ಹಂತಗಳು. ಜಾರು, ಕಂಪಿತ ಎರಡಕ್ಕೂ ಬೇಕಾದಷ್ಟು ನಯ. ಆದರೆ ಸಾಮಾನ್ಯವಾಗಿ ಅದರ ಹರವು ಮೇಲೆ ಎರಡು, ಕೆಳಗೆ ಎರಡು ಅರ್ಧಸ್ವರಕ್ಕೆ ನಿಂತಿರುತ್ತದೆ. ಅದನ್ನು 12ಕ್ಕೆ ಏರಿಸಿ. ಸ್ವರ ಗುರುತಿಸುವ ಸಾಫ್ಟ್‌ವೇರ್, ದನಿ ಕೊಡುವ ಸಿಂಥ್, ಎರಡರಲ್ಲೂ ಒಂದೇ ಸಂಖ್ಯೆ ಇರಬೇಕು. ಒಂದರಲ್ಲಿ 2, ಇನ್ನೊಂದರಲ್ಲಿ 12 ಇದ್ದರೆ ಶ್ರುತಿ ಚೆಲ್ಲಾಪಿಲ್ಲಿ. ಸಿಂಥ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ನುಡಿಸುವ ‘ಮೋನೊ’ ಮೋಡ್ ಆರಿಸಿಕೊಳ್ಳಿ.

ಮಂದ್ರದ ತಂತಿ ನಿಧಾನ ಅನ್ನಿಸಿದರೆ ಅದು ಯಂತ್ರದ ತಪ್ಪಲ್ಲ. ಸ್ವರ ಯಾವುದೆಂದು ತಿಳಿಯಲು ಕನಿಷ್ಠ ಒಂದೆರಡು ಅಲೆ ಪೂರ್ತಿ ಕೇಳಲೇಬೇಕು. ಪಾಶ್ಚಾತ್ಯ ಶ್ರುತಿಯಲ್ಲಿ ಮಂದ್ರದ ತಂತಿ 196 ಹರ್ಟ್ಜ್, ಅದರ ಒಂದು ಅಲೆಗೇ 5.1 ಮಿಲಿಸೆಕೆಂಡ್. ಮೇಲಿನ ತಂತಿಯ 659 ಹರ್ಟ್ಜ್‌ಗೆ ಒಂದೂವರೆ ಸಾಕು. ಹಾಗಾಗಿ ಒಂದು ಸ್ಥಾಯಿ ಮೇಲೆ ನುಡಿಸಿ, ಸಾಫ್ಟ್‌ವೇರಿನಲ್ಲಿ ಕೆಳಗಿಳಿಸಿಕೊಳ್ಳಿ. ಗಮನಿಸುವಂಥ ವ್ಯತ್ಯಾಸ ಕಾಣುತ್ತದೆ.

ಇಷ್ಟಾದರೂ ನನ್ನ ಸಲಹೆ ಒಂದೇ. ರಾಗ ನುಡಿಸುವಾಗ ತಂತಿಯ ಸ್ವಂತ ದನಿಯೇ ಮುಂದಿರಲಿ. ಮಿಡಿಯ ದನಿ ಹಿಂದೆ, ಮೆತ್ತಗೆ, ತಂಬೂರಿಯ ಜಾಗದಲ್ಲಿ ಇರಲಿ. ಕಮಾನಿನ ಒತ್ತಡದಲ್ಲಿ ಬರುವ ಭಾವವನ್ನು ಯಾವ ಸಿಂಥ್ ಕೂಡ ಪೂರ್ತಿ ಹಿಡಿದಿದ್ದನ್ನು ನಾನು ಕೇಳಿಲ್ಲ.

ವೇದಿಕೆಗೆ ಹೋದಾಗ

ದನಿ ದೊಡ್ಡದಾಗಬೇಕು ಎಂಬ ಚಿಂತೆ ಹೊಸದಲ್ಲ. ಮೈಕ್ ಇನ್ನೂ ಬಳಕೆಗೆ ಬಾರದ ದಿನಗಳಲ್ಲಿ ಸಭೆಯ ಕೊನೆಯವರೆಗೂ ಕೇಳಲಿ ಎಂದು ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡಿದ್ದರು. ಈಗ ಆ ಕೆಲಸ ಸ್ಪೀಕರಿನದು. ಮಡಿಕೇರಿ ದಸರಾದಂಥ ಕಾರ್ಯಕ್ರಮದ ದೊಡ್ಡ ಸ್ಪೀಕರುಗಳ ನಡುವೆ ಪೊಳ್ಳು ಪಿಟೀಲಿನ ಮೈಕ್, ಸ್ಪೀಕರಿನ ದನಿಯನ್ನೇ ಮತ್ತೆ ಹಿಡಿದು, ಬೇಗ ಕೂಗತೊಡಗುತ್ತದೆ. ಗಟ್ಟಿ ಪಿಟೀಲು ಅಷ್ಟು ಬೇಗ ಕೂಗುವುದಿಲ್ಲ.

ಒಂದು ಡಿಐ ಬಾಕ್ಸ್, ಅಂದರೆ ವಾದ್ಯದ ದನಿಯನ್ನು ಉದ್ದ ಕೇಬಲ್‌ಗೆ ಹೊಂದುವಂತೆ ಬದಲಿಸುವ ಪುಟ್ಟ ಪೆಟ್ಟಿಗೆ, ಜೊತೆಗಿಟ್ಟುಕೊಳ್ಳಿ. ಪಿಟೀಲಿನಿಂದ ಡಿಐಗೆ ಚಿಕ್ಕ ಕೇಬಲ್, ಅಲ್ಲಿಂದ ವೇದಿಕೆಯ ದನಿ ಹೊಂದಿಸುವ ಮಿಕ್ಸರಿಗೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಕೇಬಲ್. ಮಿಕ್ಸರ್ 30 ಮೀಟರ್ ದೂರದಲ್ಲಿದ್ದರೂ ಗುಂಯ್ ಸದ್ದು ಸುಲಭವಾಗಿ ಸೇರುವುದಿಲ್ಲ. ಕಾಲಿನಿಂದ ಒತ್ತಿ ಇಫೆಕ್ಟ್ ಹಾಕುವ ಪೆಡಲ್ ಬಳಸುವವರು ಅಡಾಪ್ಟರ್ ನೋಡಿ ಹಾಕಿ. ಹೆಚ್ಚಿನ ಪೆಡಲುಗಳಿಗೆ ಬೇಕಾದದ್ದು 9 ವೋಲ್ಟ್, ಪಿನ್ನಿನ ನಡುಭಾಗ ನೆಗೆಟಿವ್. ಬೇರೆ ಅಡಾಪ್ಟರ್ ಸಿಕ್ಕಿಸಿದರೆ ಪೆಡಲ್ ಸುಟ್ಟುಹೋಗಬಹುದು.

ನುಡಿಸಿ ಮುಗಿದ ಮೇಲೆ ಪಿಟೀಲಿನಿಂದ ಜ್ಯಾಕ್ ಕಿತ್ತಿಡಿ. ಅನೇಕ ಪಿಟೀಲುಗಳಲ್ಲಿ ಜ್ಯಾಕ್ ಇರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕಮಾನಿನ ತಿರುಪು ಸಡಿಲಿಸಿ. ವಾರಗಟ್ಟಲೆ ನುಡಿಸದಿದ್ದರೆ ಬ್ಯಾಟರಿಯನ್ನೂ ತೆಗೆದಿಡಿ. ಸೋರಿದರೆ ಪ್ರೀ-ಆಂಪ್ ಹಾಳಾಗುತ್ತದೆ.